ದೊಡ್ಡಪ್ಪನವರ ಹೃದಯ, ದೊಡ್ಡಪ್ಪನವರ ಶುಗರ್

ರಘು, ಹೃದಯಾಘಾತವಾದ ದೊಡ್ಡಪ್ಪನವರಿಗೆ ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿ ಬ್ಲಾಕ್ ತೆಗೆದ ಮೇಲೂ ಡಾಕ್ಟರು ಅವರ ಶುಗರ್ ಬಗ್ಗೆಯೇ ಅಷ್ಟು ಒತ್ತಿ ಹೇಳಿದ್ದೇಕೆ ಎಂದು ನಿನ್ನೆ ಗುಂಪಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳುತ್ತೇನೆ. ದೊಡ್ಡಮ್ಮನೂ ಕೇಳಿಸಿಕೊಳ್ಳಲಿ.

ಸ್ಟೆಂಟ್ ತೆರೆದಿರುವುದು ರಕ್ತನಾಳದಲ್ಲಿ ಕಟ್ಟಿಕೊಂಡಿದ್ದ ಆ ಒಂದು ಜಾಗವನ್ನು ಮಾತ್ರ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ನಾಳಗಳ ಒಳಪದರ ಉದ್ದಕ್ಕೂ ಕೆಟ್ಟಿರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಸ್ಟೆಂಟ್ ಹಾಕಲಾಗದಷ್ಟು ಸಣ್ಣ ನಾಳಗಳೂ ಕಿರಿದಾಗಿರುತ್ತವೆ. ಹೀಗಾಗಿ ಪೆಟ್ಟು ತಿಂದ ಹೃದಯ ಚೇತರಿಸಿಕೊಳ್ಳುವುದು ಕಷ್ಟ, ಮುಂದೆ ಹಾರ್ಟ್ ಫೇಲ್ಯೂರ್, ಅಂದರೆ ಹೃದಯಕ್ಕೆ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ, ಬರುವ ಸಂಭವವೂ ಹೆಚ್ಚು. ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2003ರಿಂದ 2013ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ಸುಮಾರು 7 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದಾಗ, ವಯಸ್ಸು, ಇತರ ಕಾಯಿಲೆ, ಚಿಕಿತ್ಸೆಯ ವ್ಯತ್ಯಾಸಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ನಾಳ ಪೂರ್ತಿ ಮುಚ್ಚಿಹೋಗುವ ಬಗೆಯ ಹೃದಯಾಘಾತದಲ್ಲಿ ಮಧುಮೇಹಿಗಳ ಸಾವಿನ ಸಂಭವ ಉಳಿದವರಿಗಿಂತ ಶೇ. 56ರಷ್ಟು, ಇನ್ನೊಂದು ಬಗೆಯದರಲ್ಲಿ ಶೇ. 39ರಷ್ಟು ಹೆಚ್ಚಿತ್ತು. ಇದನ್ನು ಕೇಳಿ ಯಾರೂ ಗಾಬರಿಯಾಗಬಾರದು. ನೂರರಲ್ಲಿ 56 ಜನ ಸಾಯುತ್ತಾರೆ ಎಂದು ಇದರ ಅರ್ಥವಲ್ಲ. ಮಧುಮೇಹವಿಲ್ಲದ ನೂರು ಜನರಲ್ಲಿ ಹತ್ತು ಜನರಿಗೆ ಅಪಾಯವಿದ್ದರೆ, ಇರುವವರಲ್ಲಿ ಹೆಚ್ಚುಕಡಿಮೆ ಹದಿನಾರು ಜನರಿಗೆ ಇರುತ್ತದೆ ಎಂದು ತಿಳಿಯಬೇಕು.

ನನಗೆ ಇದಕ್ಕಿಂತ ಹೆಚ್ಚು ಆತಂಕ ಹುಟ್ಟಿಸಿದ್ದು ಹೃದಯಾಘಾತವಾದ ಆ ರಾತ್ರಿಯ ವಿಷಯ. ದೊಡ್ಡಪ್ಪನವರು ಎದೆನೋವು ಎಂದು ಒಮ್ಮೆಯೂ ಹೇಳಲಿಲ್ಲ. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು, ಬನಿಯನ್ ಬೆವರಿನಲ್ಲಿ ತೊಯ್ದು ಹೋಗಿದ್ದರೂ ಜಗುಲಿಯ ಮೇಲೆ ಸುಮ್ಮನೆ ಕೂತಿದ್ದರು. ಮಧುಮೇಹದಿಂದ ನರಗಳು ಮಂಕಾದವರಲ್ಲಿ ನೋವೇ ಗೊತ್ತಾಗದಿರಬಹುದು, ಆಸ್ಪತ್ರೆಗೆ ತಡವಾಗುವುದು ಅದರಿಂದಲೇ. ಆದ್ದರಿಂದ ನಮ್ಮ ಮನೆಯಲ್ಲಿ ಶುಗರ್ ಇರುವ ಯಾರಿಗೇ ಆಗಲಿ ಕಾರಣವಿಲ್ಲದೆ ಬೆವರು, ಉಬ್ಬಸ, ವಿಪರೀತ ಸುಸ್ತು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ, ಮೊದಲು ಇಸಿಜಿ ಮಾಡಿಸಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ದೊಡ್ಡಮ್ಮ, ಹೆದರಿಕೆಯಿಂದ ಅವರ ಊಟವನ್ನು ಅರ್ಧಕ್ಕೆ ಇಳಿಸಬೇಡಿ. ಶುಗರ್ ತೀರಾ ಕೆಳಗಿಳಿದರೂ ಹೃದಯಕ್ಕೆ ಅಪಾಯವೇ. ಅಮೆರಿಕ ಮತ್ತು ಕೆನಡಾದಲ್ಲಿ ಮಧುಮೇಹಿಗಳ ಮೇಲೆ ನಡೆದ ಅಕಾರ್ಡ್ ಎಂಬ ಅಧ್ಯಯನದಲ್ಲಿ ಸಕ್ಕರೆಯನ್ನು ಬಹಳ ಬಿಗಿಯಾಗಿ ಇಳಿಸಲು ಹೊರಟ ಗುಂಪಿನಲ್ಲಿ ಸಾವು ಹೆಚ್ಚಾದ ಕಾರಣ 2008ರಲ್ಲಿ ಆ ಚಿಕಿತ್ಸೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಎಷ್ಟಿರಬೇಕೆಂಬುದನ್ನು ಅವರ ವಯಸ್ಸು, ಕಿಡ್ನಿ ನೋಡಿ ಡಾಕ್ಟರೇ ಹೇಳಲಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಮಾತ್ರ, ಹಲ್ಲು ಕೀಳಿಸುವುದಿದ್ದರೂ ಸರಿಯೇ, ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು.

ರಘು, ಮುಂದಿನ ಸಲ ಕರೆದುಕೊಂಡು ಹೋಗುವಾಗ ಶುಗರ್ ಡಾಕ್ಟರರ ಫೈಲನ್ನೂ ತಪ್ಪದೆ ಒಯ್ದು, ಎಂಪಾಗ್ಲಿಫ್ಲೋಜಿನ್‌ನಂಥ, ಸಕ್ಕರೆಯ ಜೊತೆಗೆ ಹೃದಯವನ್ನೂ ಕಾಯುವ ಮಾತ್ರೆ ಇವರಿಗೆ ಹೊಂದುತ್ತದೆಯೇ ಎಂದು ನೀನೇ ಕೇಳು.