ಎಲೆ ಮೇಲೆ ಬಿಳಿ: ಗುಲಾಬಿ, ಹೀರೆ, ದಾಸವಾಳ ಮೂರಕ್ಕೂ ಗಂಧಕ ಹೊಡೆಯಬಹುದಾ?

ಪ್ರಶ್ನೆ (ವಿಜಯಪುರದಿಂದ)

ನಮಸ್ಕಾರ. ಮಾಳಿಗೆ ಮೇಲೆ ಕುಂಡಗಳಲ್ಲಿ ಗುಲಾಬಿ, ಹೀರೆ, ದಾಸವಾಳ ಇವೆ. ದೀಪಾವಳಿ ಆದ ಮೇಲೆ ಮೂರಕ್ಕೂ ಬಿಳಿ ಹತ್ತಿದೆ. ಗುಲಾಬಿ ಚಿಗುರು ಮುದುಡಿದೆ, ಹೀರೆ ಎಲೆ ಹಳದಿಯಾಗಿ ಒಣಗ್ತಿದೆ. ಗೊಬ್ಬರದ ಅಂಗಡಿಯವರು "ಎಲ್ಲಾ ಬೂದಿ ರೋಗನೇ" ಅಂತ ನೀರಲ್ಲಿ ಕದಡುವ ಗಂಧಕ ಕೊಟ್ಟಿದ್ದಾರೆ. ಹೊಡೆಯಲಾ? ಹೋದ ವಾರ ಬೇವಿನ ಎಣ್ಣೆ ಹೊಡೆದಿದ್ದೆ.

ಉತ್ತರ (ಬೆಳಗಾವಿಯಿಂದ)

ದಯವಿಟ್ಟು ಈಗಲೇ ಹೊಡೆಯಬೇಡಿ. ಎಣ್ಣೆ ಹೊಡೆದು ಎರಡು ವಾರ ಆಗುವ ಮುಂಚೆ ಗಂಧಕ ಬಿದ್ದರೆ ಎಲೆ ಸುಡಬಹುದು. ಅಷ್ಟರಲ್ಲಿ ಒಂದೊಂದೇ ಗಿಡ ನೋಡಿ.

ಗುಲಾಬಿ ಎಲೆಯನ್ನು ಬೆರಳಿಂದ ಒರೆಸಿ. ಹಿಟ್ಟಿನಂತೆ ಬೆರಳಿಗೆ ಬಂದರೆ ಅದು ಬೂದಿ ರೋಗವೇ. ಇದಕ್ಕೆ ಎಲೆ ಒದ್ದೆ ಇರಲೇಬೇಕು ಅಂತಿಲ್ಲ. ಹಗಲು ಒಣಹವೆ, ರಾತ್ರಿ ತಂಪು ಇದ್ದರೆ ಸಾಕು. ಅದಕ್ಕೇ ಮಳೆ ನಿಂತ ಮೇಲೆ ಜಾಸ್ತಿ.

ಹೀರೆಯದ್ದು ಬೇರೆ ಅನಿಸುತ್ತದೆ. ಬೆಳಗ್ಗೆ ಇಬ್ಬನಿ ಆರುವ ಮುಂಚೆ ಎಲೆ ಮಗುಚಿ ನೋಡಿ. ಮೇಲೆ ಹಳದಿ ಮಚ್ಚೆ, ಅದು ನರಗಳ ಗೆರೆಗೇ ನಿಂತು ಚೌಕಚೌಕವಾಗಿದ್ದು, ಅದರ ಕೆಳಗೇ ಬೂದು-ನೇರಳೆ ಬೂಜು ಕಂಡರೆ ಬೂಜು ತುಪ್ಪಟ ರೋಗ. ನಿಮ್ಮ ಕಡೆ ದ್ರಾಕ್ಷಿ ಬೆಳೆಯುವವರು ಡೌನಿ ಅಂತಾರಲ್ಲ, ಅದೇ ಬಳಗ. ಇದನ್ನು ತರುವುದು ನಿಜವಾದ ಶಿಲೀಂಧ್ರವೂ ಅಲ್ಲ, ಪಾಚಿಗೆ ಹತ್ತಿರದ ಜೀವಿ. ಬೂದಿ ರೋಗಕ್ಕೆ ಕೊಡುವ ಗಂಧಕ ಇಲ್ಲಿ ನಡೆಯಲ್ಲ.

ದಾಸವಾಳದಲ್ಲಿ ಹತ್ತಿಯಂಥ ಗಂಟು, ಇರುವೆ ಸಾಲು ಇದ್ದರೆ ಹಿಟ್ಟು ತಿಗಣೆ. ರೋಗವೇ ಅಲ್ಲ, ಕೀಟ.

ಪ್ರಶ್ನೆ ಕೇಳಿದವರು

ನೀವು ಹೇಳಿದ ಹಾಗೇ ಇದೆ! ಹೀರೆ ಎಲೆ ಅಡಿ ನೇರಳೆ ಬೂಜು, ದಾಸವಾಳದ ತುಂಬ ಇರುವೆ. ಗುಲಾಬಿಯ ಬಿಳಿ ಬೆರಳಿಗೆ ಬಂತು. ಆದರೆ ಅದರ ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆಗಳೂ ಇವೆ, ಸುತ್ತ ಹಳದಿ.

ಉತ್ತರ (ಬೆಳಗಾವಿಯಿಂದ)

ಚುಕ್ಕೆಯ ಅಂಚು ನೂಲು ಬಿಟ್ಟಂತೆ ಒರಟಾಗಿದ್ದರೆ ಕಪ್ಪು ಚುಕ್ಕೆ ರೋಗ. ಎಲೆ ಸುಮಾರು 7 ಗಂಟೆ ಒದ್ದೆ ಇದ್ದರೆ ಹತ್ತುತ್ತದೆ. ಬೆಳಗಾವಿ ಮಳೆಗಾಲದಲ್ಲಿ ನಮಗೆ ಇದರದ್ದೇ ಕಾಟ. ನೀವು ಸಂಜೆ ಪೈಪಿಂದ ಗಿಡದ ಮೇಲೆ ನೀರು ಬಿಡ್ತೀರಾ? ಹಾಗಿದ್ದರೆ ಬೆಳಗ್ಗೆ ಬುಡಕ್ಕಷ್ಟೇ ಕೊಡಿ. ಉದುರಿದ ಎಲೆ ಆರಿಸಿ ಹೊರಗೆ ಹಾಕಿ.

ಹೀರೆಯಲ್ಲಿ ಬಲಿತ ಕಾಯಿ ಮೊದಲು ಕೊಯ್ದುಕೊಳ್ಳಿ. ಕೆಟ್ಟ ಎಲೆ ತೆಗೆದು, ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ (ರೋಗ ತಡೆಯುವ ಔಷಧಿ ಪುಡಿ) ಎಲೆಯ ಅಡಿಗೂ ತಾಗುವಂತೆ ಹೊಡೆಯಿರಿ. ಮುಂದಿನ ಕೊಯ್ಲಿಗೆ ಪೊಟ್ಟಣದ ಮೇಲೆ ಬರೆದಷ್ಟು ದಿನ ಕಾಯಲೇಬೇಕು. ಕಪ್ಪು ಚುಕ್ಕೆಗೂ ಇದೇ ಔಷಧಿ ಆಗುತ್ತದೆ. ದಾಸವಾಳಕ್ಕೆ ಜೋರು ನೀರು ಹೊಡೆದು ತಿಗಣೆ ಉದುರಿಸಿ, ಆಮೇಲೆ ಬೇವಿನ ಎಣ್ಣೆ ಸಾಕು. ಗಂಧಕ ಗುಲಾಬಿಗೆ ಮಾತ್ರ, ಎರಡು ವಾರ ಕಳೆದ ಮೇಲೆ, ಲೀಟರಿಗೆ 2 ಗ್ರಾಂ, ಬಿಸಿಲು ಇಳಿದ ಮೇಲೆ.