ಲಾಗ್‌ಕ್ಯಾಟ್‌ನಲ್ಲಿ ಕನ್ನಡ ಹೆಸರು ಬಂದರೆ ಟೇಬಲ್ ಸೊಟ್ಟ, ಏನು ಮಾಡೋದು?

ರಾಗಿಮುದ್ದೆ_ಡೆವ್: ಮಾರುಕಟ್ಟೆ ದರ ತೋರಿಸುವ ಸಣ್ಣ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ, ಕೋಟ್ಲಿನ್ ಭಾಷೆಯಲ್ಲಿ. ಪಟ್ಟಿ ಸರಿಯಾಗಿ ಬಂತಾ ಅಂತ ನೋಡಲು ಲಾಗ್‌ಕ್ಯಾಟ್‌ನಲ್ಲಿ (ಆಂಡ್ರಾಯ್ಡ್‌ನ ಲಾಗ್ ಸಂದೇಶಗಳು ಕಾಣುವ ಜಾಗ) ಟೇಬಲ್ ತರಹ ಪ್ರಿಂಟ್ ಮಾಡುತ್ತೇನೆ. ಬೆಳೆ, ಕನಿಷ್ಠ, ಗರಿಷ್ಠ ಮೂರೇ ಕಾಲಂ. ಎಲ್ಲಕ್ಕೂ ಪ್ಯಾಡ್‌ಎಂಡ್ 12, ಅಂದರೆ ಉದ್ದ 12 ಆಗುವವರೆಗೆ ಕೊನೆಗೆ ಸ್ಪೇಸ್ ತುಂಬುವುದು. ಬೆಳೆ ಹೆಸರು ಇಂಗ್ಲಿಷ್‌ನಲ್ಲಿದ್ದಾಗ ನೂಲು ಹಿಡಿದ ಹಾಗೆ ನೇರ ಇತ್ತು. ಕನ್ನಡ ಹಾಕಿದ ಮೇಲೆ ರಾಗಿಯ ದರ ಒಂದು ಕಡೆ, ಮೆಕ್ಕೆಜೋಳದ್ದು ಇನ್ನೊಂದು ಕಡೆ. ನಿನ್ನೆ ಗರಿಷ್ಠವನ್ನು ಕನಿಷ್ಠ ಅಂತ ಓದಿಕೊಂಡು, ಇಲ್ಲದ ಬಗ್ ಹುಡುಕುತ್ತಾ ಒಂದು ಗಂಟೆ ಹಾಳು ಮಾಡಿದೆ.

ಒತ್ತಕ್ಷರ: ಪ್ಯಾಡ್‌ಎಂಡ್‌ಗೆ ಗುಣಿತ, ಒತ್ತು ಗೊತ್ತಿಲ್ಲ. ರಾಗಿ ನಮ್ಮ ಕಣ್ಣಿಗೆ 2 ಅಕ್ಷರ, ಅದರ ಲೆಕ್ಕಕ್ಕೆ 4. ಮೆಕ್ಕೆಜೋಳ ನಮಗೆ 4, ಅದಕ್ಕೆ 9. ಹಾಗಾಗಿ ಒಂದಕ್ಕೆ 8 ಸ್ಪೇಸ್, ಇನ್ನೊಂದಕ್ಕೆ ಬರೀ 3. ಕಣ್ಣಿಗೆ ಕಾಣುವ ಅಕ್ಷರದಂತೆ ಪಠ್ಯ ಬಿಡಿಸುವ ಬ್ರೇಕ್‌ಇಟರೇಟರ್‌ನಿಂದ ಎಣಿಸಿ ನೋಡಿ.

ರಾಗಿಮುದ್ದೆ_ಡೆವ್: ನೋಡಿದೆ ಸರ್. ಮೊದಲಿಗಿಂತ ವಾಸಿ, ಆದರೂ ಸೊಟ್ಟ.

ಹಳೇಕೀಬೋರ್ಡ್: ಎಷ್ಟು ಎಣಿಸಿದರೂ ಅಷ್ಟೇ. ಲಾಗ್ ತೋರಿಸುವ ಕಾನ್ಸೋಲ್‌ನ ಮೊನೊಸ್ಪೇಸ್ (ಎಲ್ಲ ಅಕ್ಷರಕ್ಕೂ ಒಂದೇ ಅಗಲದ) ಫಾಂಟ್‌ನಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. ಬೇರೆ ಫಾಂಟ್‌ನಿಂದ ಎರವಲು ತರುತ್ತದೆ, ಅದರಲ್ಲಿ ‘ಯ’ ಅಗಲ, ‘ರ’ ಚಿಕ್ಕದು. ಸ್ಪೇಸ್ ತುಂಬಿ ಅದನ್ನು ಸರಿಮಾಡಲು ಆಗಲ್ಲ. ನಾನೂ ಒಂದು ಕಾಲದಲ್ಲಿ ಇದರ ಹಿಂದೆ ಬಿದ್ದಿದ್ದೆ, ಬಿಟ್ಟುಬಿಟ್ಟೆ. ಕನ್ನಡ ಕಾಲಂ ಕೊನೆಗೆ ಹಾಕಿ. ಅದರ ಬಲಗಡೆ ಏನೂ ಇಲ್ಲದಿದ್ದರೆ ಸೊಟ್ಟ ಆಗುವುದಕ್ಕೆ ಏನಿದೆ? ಅಂಕಿಗಳಿಗೆ ಪ್ಯಾಡ್‌ಸ್ಟಾರ್ಟ್ (ಮುಂದೆ ಸ್ಪೇಸ್ ತುಂಬುವುದು) ಕೊಡಿ, ಬಿಡಿ ಸ್ಥಾನ ಒಂದರ ಕೆಳಗೊಂದು ಕೂರುತ್ತದೆ. (ದರ ಸುಮ್ನೆ ಹಾಕಿದ್ದು.)

```
  3200 |   3650 | ರಾಗಿ
  2050 |   2300 | ಮೆಕ್ಕೆಜೋಳ
 46000 |  51000 | ಅಡಿಕೆ
```

ಇನ್ನೊಂದು. ಸಾಲಿಗೊಂದು ಲಾಗ್ ಬೇಡ, ನಡುವೆ ಬೇರೆ ಲಾಗ್ ನುಗ್ಗುತ್ತದೆ. ಸಾಲುಗಳನ್ನು ಸೇರಿಸಿ ಒಂದೇ ಸಲ ಕಳಿಸಿ. ಆದರೆ ಒಂದು ಲಾಗ್‌ಗೆ ಸುಮಾರು 4000 ಬೈಟ್ ಮಿತಿ ಇದೆ, ಮಿಕ್ಕಿದ್ದು ಕತ್ತರಿಸಿ ಹೋಗುತ್ತದೆ. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ರಾಗಿಯೇ 12 ಬೈಟ್ ತಿನ್ನುತ್ತದೆ. ಪಟ್ಟಿ ಉದ್ದ ಇದ್ದರೆ 20 ಸಾಲಿಗೊಮ್ಮೆ ಒಡೆಯಿರಿ.

ಜಾವಾಸ್ಕ್ರಿಪ್ಟ್_ಜಾಣ: ನಮ್ಮ ಕಡೆ ಬನ್ನಿ 😀 ಕ್ರೋಮ್‌ನಲ್ಲಿ ಕನ್ಸೋಲ್ ಡಾಟ್ ಟೇಬಲ್ ಅಂದರೆ ಗೆರೆ ಎಳೆದ ನಿಜವಾದ ಟೇಬಲ್ಲೇ ಬರುತ್ತದೆ. ಕಾಲಂ ತಲೆ ಒತ್ತಿದರೆ ಸಾರ್ಟ್ ಕೂಡ ಆಗುತ್ತದೆ.

ರಾಗಿಮುದ್ದೆ_ಡೆವ್: ಹೊಟ್ಟೆ ಉರಿಸಬೇಡಿ. ಹಳೇಕೀಬೋರ್ಡ್ ಸರ್ ಹೇಳಿದ ಹಾಗೆ ಕಾಲಂ ಕೊನೆಗೆ ಹಾಕಿದೆ, ಎರಡು ನಿಮಿಷದ ಕೆಲಸ. ಪ್ರಿಂಟ್ ಆದ ತಕ್ಷಣ ರಾಗಿಯ ಗರಿಷ್ಠ ದರ ಹೋಗಿ ಅಡಿಕೆಯ ಸಮಕ್ಕೆ ಐದಂಕಿಯಲ್ಲಿ ನಿಂತಿತ್ತು, 36500! ಟೆಸ್ಟ್ ಡೇಟಾದಲ್ಲಿ ನಾನೇ ಒಂದು ಸೊನ್ನೆ ಜಾಸ್ತಿ ಒತ್ತಿದ್ದೆ.