ಚಿಗವ್ವನ ಬಾಗಿದ ಬೆರಳಿನ ಬಗ್ಗೆ

ಚಿಗವ್ವ, ನಮಸ್ಕಾರ. ಟೈಪ್ ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆಂದು ಧ್ವನಿ ಸಂದೇಶ ಕಳಿಸುತ್ತಿದ್ದೇನೆ. ಬಾಗಲಕೋಟೆಯಲ್ಲಿ ಕಾಕಾ ಅವರೂ ಪಕ್ಕದಲ್ಲಿ ಕುಳಿತು ಕೇಳಲಿ. ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಹಾಕಿದ ಬಲಗಾಲಿನ ಫೋಟೋ ನೋಡಿದೆ. ಹೆಬ್ಬೆರಳಿನ ಪಕ್ಕದ ಬೆರಳು ನಡುಗೆಣ್ಣಿನಲ್ಲಿ ಮೇಲೆದ್ದು, ತುದಿ ನೆಲಕ್ಕೆ ಕುಕ್ಕಿಕೊಂಡಿದೆ, ಗೆಣ್ಣಿನ ಮೇಲೆ ಜೋಳದ ಕಾಳಿನಷ್ಟು ಆಣಿ ಕೂತಿದೆ. ಅದನ್ನು ಬ್ಲೇಡಿನಿಂದ ಕೆತ್ತಿಸಬೇಕೋ, ಮೆಡಿಕಲ್ ಅಂಗಡಿಯ ಕಾರ್ನ್ ಕ್ಯಾಪ್ ಅಂಟಿಸಬೇಕೋ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ.

ಬೆಳಗಾವಿಯಲ್ಲಿ ಇಷ್ಟು ವರ್ಷ ಫಿಸಿಯೋಥೆರಪಿ ಮಾಡುತ್ತ ಇಂಥ ಪಾದಗಳನ್ನು ಬಹಳ ನೋಡಿದ್ದೇನೆ. ಇದಕ್ಕೆ ಹ್ಯಾಮರ್ ಟೋ ಎನ್ನುತ್ತಾರೆ. ಬೆರಳನ್ನು ನೇರವಾಗಿ ಹಿಡಿದಿಡುವ ಸಣ್ಣ ಸ್ನಾಯುಗಳು ಪಾದದೊಳಗೇ ಇರುತ್ತವೆ, ಬಾಗಿಸುವ ಉದ್ದ ಸ್ನಾಯುಗಳು ಮೀನಖಂಡದಿಂದ ಇಳಿದು ಬರುತ್ತವೆ. ಸಣ್ಣವು ಸೋತಾಗ ಉದ್ದನೆಯವು ಎಳೆದು ಗೆಣ್ಣನ್ನು ಎಬ್ಬಿಸುತ್ತವೆ. ಮುಂದೆ ಚೂಪಾದ ಬಿಗಿ ಬೂಟು, ಹೆಬ್ಬೆರಳು ಓರೆಯಾಗಿ ಪಕ್ಕದ ಬೆರಳನ್ನು ಒತ್ತುವುದು, ಸಂಧಿವಾತ, ಇವೆಲ್ಲ ಕಾರಣಗಳೇ. ನಿಮಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ, ನರಗಳು ಸೊರಗಿ ಆ ಸಣ್ಣ ಸ್ನಾಯುಗಳು ದುರ್ಬಲವಾಗಿರುವ ಸಾಧ್ಯತೆಯಿದೆ. ಎದ್ದ ಗೆಣ್ಣು ಚಪ್ಪಲಿಯ ಪಟ್ಟಿಗೆ ದಿನವಿಡೀ ಉಜ್ಜಿ ಚರ್ಮ ದಪ್ಪವಾಗಿ ಆಣಿಯಾಗಿದೆ. ಉಜ್ಜುವುದು ನಿಲ್ಲದೆ ಎಷ್ಟು ಕೆತ್ತಿದರೂ ಅದು ಮತ್ತೆ ಬೆಳೆಯುತ್ತದೆ.

ನಮ್ಮ ಅವ್ವ ಬ್ಲೇಡಿನಿಂದ ಆಣಿ ಕೆತ್ತಿಕೊಂಡದ್ದು ನಿಮಗೂ ನೆನಪಿರಬೇಕು. ಪಾದ ಜೋಮು ಹಿಡಿದಿದ್ದರಿಂದ ಅವಳಿಗೆ ನೋವೇ ತಿಳಿಯಲಿಲ್ಲ. ಪಡಸಾಲೆಯ ಕಲ್ಲಿನ ಮೇಲೆ ಹೆಜ್ಜೆಗೊಂದು ರಕ್ತದ ಚುಕ್ಕೆ ಬಿದ್ದದ್ದನ್ನು ಕಂಡಾಗಲೇ ನಮಗೆ ಗೊತ್ತಾದದ್ದು. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಕಾರ್ನ್ ಕ್ಯಾಪಿನಲ್ಲಿ ಚರ್ಮವನ್ನು ಕರಗಿಸುವ ಸ್ಯಾಲಿಸಿಲಿಕ್ ಆಮ್ಲ ಇರುತ್ತದೆ, ಅದು ಆಣಿಯ ಸುತ್ತಲಿನ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಸಕ್ಕರೆ ಕಾಯಿಲೆ ಇದ್ದವರ ಕಾಲಿಗೆ ಅದು ಸಲ್ಲದು.

ಈಗ ಒಂದು ಪರೀಕ್ಷೆ ಮಾಡಿ. ಕುರ್ಚಿಯ ಮೇಲೆ ಕುಳಿತು, ಬಾಗಿದ ಗೆಣ್ಣನ್ನು ಕೈಯಿಂದ ಮೆಲ್ಲಗೆ ನೇರ ಮಾಡಿ ನೋಡಿ. ನೇರವಾದರೆ ಕೀಲು ಇನ್ನೂ ಮೃದುವಾಗಿದೆ ಎಂದರ್ಥ. ಆಗ ದಿನವೂ ಬೆರಳನ್ನು ಹಾಗೆಯೇ ಹಿಗ್ಗಿಸಿ ಹಿಡಿಯುವುದು, ನೆಲದ ಮೇಲೆ ಹಾಸಿದ ಟವೆಲನ್ನು ಕಾಲ್ಬೆರಳುಗಳಿಂದ ಮುದುಡಿಸಿ ಎಳೆಯುವುದು ಉಪಯೋಗವಾಗುತ್ತದೆ. ಬೆರಳು ಪೂರ್ತಿ ಮೊದಲಿನಂತಾಗುತ್ತದೆ ಎಂದು ನಾನು ಹೇಳುವುದಿಲ್ಲ, ನೋವು ಇಳಿಯುತ್ತದೆ, ಬಾಗುವುದು ನಿಧಾನವಾಗುತ್ತದೆ. ಗೆಣ್ಣು ಗಟ್ಟಿಯಾಗಿ ಕೂತಿದ್ದರೆ ವ್ಯಾಯಾಮದಿಂದ ನೇರವಾಗದು. ಅಂಥವರಿಗೂ ಅಗಲವಾದ ಚಪ್ಪಲಿ ಮತ್ತು ಮೆತ್ತನೆಯ ಪ್ಯಾಡಿನಿಂದ ಎಷ್ಟೋ ಸಲ ಸಾಕಾಗುತ್ತದೆ. ಸಾಕಾಗದಿದ್ದರೆ ಕೀಲಿನಲ್ಲಿ ಎಲುಬಿನ ತುದಿಯನ್ನು ತುಸು ತೆಗೆದು, ಹಲವರಿಗೆ ಒಂದು ತಂತಿಯನ್ನೂ ಹಾಕಿ 4ರಿಂದ 6 ವಾರ ಇಡುವ ಶಸ್ತ್ರಚಿಕಿತ್ಸೆ ಇದೆ. ಅದಕ್ಕೆ ಮೊದಲು ಪಾದದ ರಕ್ತಸಂಚಾರ ಮತ್ತು ಸಕ್ಕರೆಯ ಮಟ್ಟ ನೋಡಲೇಬೇಕು.

ಕಾಕಾ ಅವರು ಅಥಣಿಯಿಂದ ಹೊಸ ಕೊಲ್ಹಾಪುರಿ ಚಪ್ಪಲಿ ತರಿಸುವುದಾಗಿ ಬರೆದಿದ್ದರು. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆ ಚಪ್ಪಲಿಯ ಬಗ್ಗೆ ನನಗೂ ಅಭಿಮಾನವಿದೆ, ಆದರೆ ಗಟ್ಟಿ ತೊಗಲು ಈ ಪಾದಕ್ಕೆ ಬೇಡ. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಕೊಳ್ಳಿ. ಪಾದ ಊದಿರುವ ಸಂಜೆ ಹೊತ್ತಿನಲ್ಲೇ, ನಿಂತುಕೊಂಡು ಅಳತೆ ಕೊಡಿ.

ಇನ್ನೊಂದು ಮಾತು. ಫೋಟೋದಲ್ಲಿ ಕಾಲುಂಗುರ ಆ ಬೆರಳಿನ ಬುಡದಲ್ಲಿ ಹೂತುಕೊಂಡಂತೆ ಕಾಣುತ್ತದೆ. ತೆಗೆಯಲು ನಿಮ್ಮ ಮನಸ್ಸು ಒಪ್ಪದೆಂದು ಬಲ್ಲೆ, ಪತ್ತಾರರ ಬಳಿ ಸಡಿಲ ಮಾಡಿಸಿಕೊಳ್ಳಿ, ಅಥವಾ ಬೆರಳು ಸುಧಾರಿಸುವವರೆಗೆ ದೇವರ ಮುಂದೆ ಇಟ್ಟಿರಿ. ಆಣಿಯ ಸುತ್ತ ಕೆಂಪು, ಬಿಸಿ, ಕೀವು ಕಂಡರೆ ಅಂದೇ ವೈದ್ಯರಲ್ಲಿ ಹೋಗಿ, ನನಗಾಗಿ ಕಾಯಬೇಡಿ. ಇಲ್ಲದಿದ್ದರೆ ಭಾನುವಾರ ನಾನೇ ಬರುತ್ತೇನೆ. ನೀವು ಮೆಟ್ಟುವ ಎಲ್ಲ ಚಪ್ಪಲಿಗಳನ್ನೂ ಕಟ್ಟೆಯ ಮೇಲೆ ತೆಗೆದಿಡಿ.